ಮನೆಯಂಗಳದಲ್ಲಿ ಮಕ್ಕಳೊಡನೆ ಜನಪದ ಹಾಡು

ಒಳ್ಳೆಯ ಬೆಳೆಗೆ ಒಳ್ಳೆಯ ಬೀಜವೇ ಮೂಲವೆಂಬುದು ರೈತ ಬಾಂಧವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಸುಗ್ಗಿ ಮುಗಿಯುತ್ತಿದ್ದಂತೆ ಚೆನ್ನಾಗಿ ಬಲಿತ ತೆನೆಗಳನ್ನು ಆರಿಸಿ, ಒಣಗಿಸಿ, ಬೂದಿ ಬೆರೆಸಿಯೋ ಬೇವಿನ ಎಲೆ ಹಾಕಿಯೋ ಮುಂದಿನ ವರ್ಷಕ್ಕೆ ಬೀಜ ಎತ್ತಿಡುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ನಡೆದುಬಂದಿದೆ. ಆದರೆ ಎಲ್ಲ ಕಾಳುಗಳೂ ಒಂದೇ ಸಮನಾಗಿ ಬಾಳುವುದಿಲ್ಲ. ಹಗೇವಿನಲ್ಲಿ ತುಂಬಿಟ್ಟ ರಾಗಿ ಹಲವು ವರ್ಷ ಕೆಡದೆ ಇರುತ್ತದೆ. ಈರುಳ್ಳಿ ಬೀಜವಾದರೋ ಒಂದು ವರ್ಷ ದಾಟಿದರೆ ಮೊಳೆಯುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಅದನ್ನು ಕಾಲಕಾಲಕ್ಕೆ ಬಿತ್ತಿ ಹೊಸದು ಮಾಡಿಕೊಳ್ಳದಿದ್ದರೆ ತಳಿಯೇ ಕೈತಪ್ಪುತ್ತದೆ.

ನಮ್ಮ ಹಳ್ಳಿಗಳ ಹಾಡುಗಳು ಈ ಎರಡನೆಯ ಗುಂಪಿಗೆ ಸೇರಿದವು. ಅವು ಪುಸ್ತಕದಲ್ಲಿ ಇದ್ದುದಕ್ಕಿಂತ ಕಂಠದಲ್ಲಿ ಇದ್ದುದೇ ಹೆಚ್ಚು. ಅಜ್ಜಿಯಿಂದ ಮೊಮ್ಮಗಳಿಗೆ, ಸೋದರಮಾವನಿಂದ ಅಳಿಯನಿಗೆ ಬಾಯಿಂದ ಬಾಯಿಗೆ ಬಂದವು. ನಡುವೆ ಒಂದು ತಲೆಮಾರು ಹಾಡದೆ ಸುಮ್ಮನಿದ್ದರೆ ಮುಂದಿನ ತಲೆಮಾರಿಗೆ ಅವು ಸಿಗುವುದಿಲ್ಲ. ಬೆಳೆ, ಗೊಬ್ಬರ, ಕೀಟಗಳ ವಿಷಯ ಓದಲು ಈ ಪತ್ರಿಕೆ ತೆರೆಯುವವರಿಗೆ ಹಾಡಿನ ಮಾತು ಇಲ್ಲೇಕೆ ಎನಿಸಬಹುದು. ಈ ಹಾಡುಗಳಲ್ಲಿ ಬಹುಪಾಲು ಹೊಲ, ಕಣ, ಕೊಟ್ಟಿಗೆಗಳಲ್ಲೇ ಹುಟ್ಟಿದವು. ಬೇಸಾಯದ ವಿಧಾನ ಬದಲಾದುದರಿಂದಲೇ ಅವು ಹಿಂದೆ ಸರಿದವು. ಹೀಗಾಗಿ ಇದು ಒಕ್ಕಲುತನಕ್ಕೆ ಸಂಬಂಧಿಸಿದ ವಿಷಯವೇ ಆಗಿದೆ. ಮನೆಯಲ್ಲಿ ಹೆಚ್ಚಿನ ಖರ್ಚಿಲ್ಲದೆ, ಹೆಚ್ಚಿನ ಸಮಯ ಹಿಡಿಯದೆ ಮಕ್ಕಳಿಗೆ ಈ ಹಾಡುಗಳನ್ನು ದಾಟಿಸುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ದುಡಿಮೆಗೆ ಹೊಂದಿಕೊಂಡ ಹಾಡು

ಜನಪದ ಹಾಡುಗಳ ತಾಳವು ಆಯಾ ಕೆಲಸದ ನಡೆಗೆ ತಕ್ಕಂತೆ ರೂಪುಗೊಂಡಿರುತ್ತದೆ. ಬೀಸುವ ಕಲ್ಲನ್ನು ಇಬ್ಬರು ಹೆಂಗಸರು ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ತಿರುಗಿಸುತ್ತಿದ್ದರು. ಕಲ್ಲು ಸಮನಾಗಿ ತಿರುಗಿದರೆ ಮಾತ್ರ ಹಿಟ್ಟು ನುಣ್ಣಗಾಗುತ್ತದೆ, ಕೈಯೂ ಸೋಲುವುದಿಲ್ಲ. ಬೀಸುವ ಪದಗಳು ಹೆಚ್ಚಾಗಿ ತ್ರಿಪದಿಯಲ್ಲಿವೆ. ಬರೆದಾಗ ಮೂರೇ ಸಾಲು ಕಾಣುತ್ತದೆ. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗವನ್ನು ಮತ್ತೊಮ್ಮೆ ಹೇಳಿ ಅನಂತರ ಮೂರನೆಯ ಸಾಲಿಗೆ ಹೋಗುತ್ತಾರೆ. ಹೀಗೆ ಮರಳಿ ಹೇಳುವಾಗ ಹಾಡುವವರಿಗೆ ಮುಂದಿನ ಮಾತು ನೆನಪಾಗಲು ಬಿಡುವು ಸಿಗುತ್ತದೆ, ಜೊತೆಗಾರ್ತಿಗೆ ದನಿಗೂಡಿಸಲು ಅವಕಾಶವಾಗುತ್ತದೆ. ಮಕ್ಕಳಿಗೆ ಕಲಿಸುವಾಗಲೂ ಈ ಗುಣ ಬಹಳ ಉಪಯೋಗಕ್ಕೆ ಬರುತ್ತದೆ.

ಉತ್ತರ ಕರ್ನಾಟಕದ ಕಣಗಳಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆ ತುಳಿಸುವಾಗ ಹಂತಿಯ ಪದಗಳನ್ನು ಹಾಡುತ್ತಿದ್ದರು. ಈ ಕೆಲಸ ರಾತ್ರಿಯ ತಂಪಿನಲ್ಲಿ ಬಹಳ ಹೊತ್ತು ನಡೆಯುವಂಥದು. ಆಳು ತೂಕಡಿಸಬಾರದು, ಎತ್ತು ನಿಲ್ಲಬಾರದು. ಆದ್ದರಿಂದ ಹಂತಿಯ ಪದ ದೀರ್ಘವಾದುದು, ಕಥೆಯುಳ್ಳದ್ದು, ಎತ್ತಿನ ಹೆಜ್ಜೆಯಷ್ಟೇ ನಿಧಾನವಾದುದು. ಭತ್ತದ ಸೀಮೆಯಲ್ಲಿ ನಾಟಿಯ ಪದಗಳಿವೆ. ತುಳುನಾಡಿನ ಗದ್ದೆಗಳಲ್ಲಿ ನೇಜಿ ನೆಡುವಾಗ ಒಬ್ಬಾಕೆ ಪಾಡ್ದನದ ಸಾಲೆತ್ತಿ ಹಾಡಿದರೆ ಉಳಿದವರು ಅದನ್ನೇ ಹಿಂದಿರುಗಿಸುತ್ತಾರೆ. ಕೊಡಗಿನಲ್ಲಿ ಹುತ್ತರಿ ಹಬ್ಬಕ್ಕೆ ಕದಿರು ತರುವ ಹಾಡುಗಳಿವೆ. ಕೊಡವ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಎಂಬ ಗ್ರಂಥವಾಗಿ ಪ್ರಕಟಿಸಿದರು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು 'ಗರತಿಯ ಹಾಡು' ಎಂಬ ಹೆಸರಿನಲ್ಲಿ 1931ರಲ್ಲಿ ಹೊರಬಂದವು. ಇವರು ಆಗ ಬರೆದುಕೊಳ್ಳದಿದ್ದರೆ ಆ ಹಾಡುಗಳಲ್ಲಿ ಎಷ್ಟು ಉಳಿಯುತ್ತಿದ್ದವೋ ಊಹಿಸಬಹುದು.

ಹಾಡು ಏಕೆ ಹಿಂದೆ ಸರಿಯಿತು?

ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಹಿಟ್ಟಿನ ಗಿರಣಿ ಬಂದಮೇಲೆ ಬೀಸುವ ಕಲ್ಲು ಹಿತ್ತಲು ಸೇರಿತು. ಒಕ್ಕಣೆ ಯಂತ್ರ ಬಂದಮೇಲೆ ಕಣ ಮಾಡುವುದೇ ಅಪರೂಪವಾಯಿತು. ಭತ್ತದ ಪ್ರದೇಶಗಳಲ್ಲಿ ಕೊಯ್ಲು, ಒಕ್ಕಣೆ ಎರಡನ್ನೂ ಒಂದೇ ಯಂತ್ರ ಕೆಲವು ತಾಸುಗಳಲ್ಲಿ ಮುಗಿಸುತ್ತದೆ. ಕಳೆನಾಶಕ ಬಳಸುವ ಹೊಲದಲ್ಲಿ ಹತ್ತು ಮಂದಿ ಸಾಲು ಹಿಡಿದು ಕಳೆ ತೆಗೆಯುವ ನೋಟ ಕಡಿಮೆಯಾಗಿದೆ. ಈ ಬದಲಾವಣೆಗಾಗಿ ಮರುಗಬೇಕಾದುದಿಲ್ಲ. ನಸುಕಿನಲ್ಲೆದ್ದು ಮೂರು ತಾಸು ಬೀಸುತ್ತಿದ್ದ ತಾಯಂದಿರ ರಟ್ಟೆಯ ನೋವನ್ನು ಗಿರಣಿ ತಪ್ಪಿಸಿತು. ಆ ನೋವು ಮರಳಿ ಬರಲಿ ಎಂದು ಯಾರೂ ಬಯಸುವುದಿಲ್ಲ. ಆದರೆ ಕೆಲಸದ ಜೊತೆಗೆ ಅದರ ಹಾಡೂ ಹೋಗಬೇಕಾದ ಅಗತ್ಯವಿರಲಿಲ್ಲ. ಹಾಡಿಗೆ ಬೇರೊಂದು ಜಾಗ ತೋರಿಸುವವರು ಇಲ್ಲವಾದುದರಿಂದ ಅದು ಹೋಯಿತು.

ಇನ್ನೊಂದು ಕಾರಣ ಸಂಕೋಚ. "ಅದೇನು ಹಳ್ಳಿ ಪದ, ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಪದ್ಯ ಕಲಿಯಲಿ" ಎಂಬ ಭಾವನೆ ಅನೇಕ ಮನೆಗಳಲ್ಲಿದೆ. ಹಾಡು ಬಲ್ಲ ಅಜ್ಜಿಯೇ ಸೊಸೆ, ಮೊಮ್ಮಕ್ಕಳ ಎದುರು ಬಾಯಿ ಬಿಡಲು ಹಿಂಜರಿಯುತ್ತಾಳೆ. ಶಾಲೆಯ ಪದ್ಯವನ್ನು ಬೇಡವೆನ್ನಬೇಕಾಗಿಲ್ಲ. ಮಗುವಿನ ನೆನಪಿನಲ್ಲಿ ಎರಡಕ್ಕೂ ಬೇಕಾದಷ್ಟು ಸ್ಥಳವಿದೆ. ಆದರೆ ಒಂದನ್ನು ಕಲಿಸಲು ಶಾಲೆಯಿದೆ, ಇನ್ನೊಂದನ್ನು ಕಲಿಸಲು ಮನೆಯ ಹೊರತು ಬೇರೆ ಸ್ಥಳವಿಲ್ಲ.

ಈಗ ಎಪ್ಪತ್ತು ದಾಟಿದ ಹಿರಿಯರಲ್ಲಿ ಅನೇಕರು ಬೀಸುತ್ತ, ಕುಟ್ಟುತ್ತ, ನಾಟಿ ಮಾಡುತ್ತ ಹಾಡಿದವರು. ಅವರ ಮಕ್ಕಳು ಆ ಹಾಡನ್ನು ಕೇಳಿದ್ದಾರೆ, ಪೂರ್ತಿ ಕಲಿತವರು ಕಡಿಮೆ. ಮೊಮ್ಮಕ್ಕಳು ಕೇಳಿಯೂ ಇಲ್ಲ. ಆದ್ದರಿಂದ ಈ ಕೆಲಸಕ್ಕೆ ಉಳಿದಿರುವ ಕಾಲ ಬಹಳವಿಲ್ಲ. ಹದ ತಪ್ಪಿದ ಮೇಲೆ ಬಿತ್ತಿದ ಬೀಜ ಮೇಲೇಳುವುದಿಲ್ಲವೆಂಬುದನ್ನು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳಿಗೆ ಆಗುವ ಪ್ರಯೋಜನ

1. ಭಾಷೆ: ಕೂರಿಗೆ, ಮೇಟಿ, ಮೊರ, ಒನಕೆ, ಸಜ್ಜೆ, ನವಣೆ, ಸಾಮೆ, ಹಾರಕ, ಮೊದಲಾದ ನೂರಾರು ಮಾತುಗಳು ಹಾಡಿನಲ್ಲಿವೆ. ವಸ್ತು ಕಾಣೆಯಾದರೂ ಹೆಸರು ಉಳಿದರೆ ಮಗು ಅದೇನೆಂದು ಕೇಳುತ್ತದೆ. ಪ್ರಾಸ, ಲಯಗಳನ್ನು ಕಿವಿಯಲ್ಲಿ ತುಂಬಿಕೊಂಡ ಮಗುವಿಗೆ ಮುಂದೆ ಓದು ಕಲಿಯುವುದು ಸುಲಭವಾಗುತ್ತದೆಂಬುದು ಶಿಕ್ಷಣ ತಜ್ಞರ ಅಭಿಪ್ರಾಯ.

2. ನೆನಪು: ದೀರ್ಘವಾದ ಕಥನಗೀತೆಯನ್ನು ಕಲಿಯುವಾಗ ಕಥೆಯ ಕ್ರಮವನ್ನು ಹಿಡಿದಿಟ್ಟುಕೊಳ್ಳುವ ಅಭ್ಯಾಸವಾಗುತ್ತದೆ.

3. ಕೂಡಿ ಬಾಳುವ ಗುಣ: ಒಬ್ಬರು ಹೇಳುವುದು, ಉಳಿದವರು ಹಿಂದಿರುಗಿಸುವುದು ನಮ್ಮ ಹಾಡುಗಳ ಸಾಮಾನ್ಯ ಕ್ರಮ. ತನ್ನ ಸರದಿಗಾಗಿ ಕಾಯುವುದು, ಇತರರ ದನಿಗೆ ದನಿಗೂಡಿಸುವುದು ಇದರಿಂದ ತಾನಾಗಿ ಬರುತ್ತದೆ.

4. ಹಿರಿಯರೊಡನೆ ನಂಟು: ಅಜ್ಜಿ ಬಲ್ಲ ವಿಷಯವನ್ನು ಕೇಳಿ ಕಲಿಯುವ ಮಗು ಅಜ್ಜಿಯನ್ನು ಗೌರವಿಸುತ್ತದೆ. ಮೂಲೆಯಲ್ಲಿ ಕುಳಿತ ಹಿರಿಯರಿಗೂ ತಾವು ಮನೆಗೆ ಬೇಕಾದವರೆಂಬ ಸಮಾಧಾನ ಸಿಗುತ್ತದೆ.

ಪ್ರಾರಂಭ ಹೇಗೆ?

ಪ್ರಾತ್ಯಕ್ಷಿಕೆ ತಾಕುಗಳನ್ನು ನೋಡಲು ಹಳ್ಳಿಗಳಿಗೆ ಹೋದಾಗ ನಾನು ಹಲವು ಬಾರಿ ಗಮನಿಸಿದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಹಾಡು ಬಲ್ಲವರನ್ನು ಕೂರಿಸಿ "ಒಂದು ಪದ ಹೇಳಿ" ಎಂದರೆ "ಎಲ್ಲಾ ಮರೆತುಹೋಗಿದೆ ಸ್ವಾಮಿ" ಎಂಬ ಉತ್ತರ ಬರುತ್ತದೆ. ಅವರ ಕೈಗೆ ಮೊರ ಕೊಟ್ಟು ಕಾಳು ಕೇರಲು ಹೇಳಿದರೆ, ಅಥವಾ ಗದ್ದೆಯಲ್ಲಿ ನಾಲ್ಕು ಜನರೊಡನೆ ಬಾಗಿ ನಿಂತರೆ ಮೊದಲ ಸಾಲು ತಾನಾಗಿ ಬರುತ್ತದೆ. ಹಾಡಿನ ನೆನಪು ಮನಸ್ಸಿನಲ್ಲಿರುವಷ್ಟೇ ಕೈಯಲ್ಲಿಯೂ ಇರುತ್ತದೆ. ಆದ್ದರಿಂದ ಹಿರಿಯರಿಂದ ಹಾಡು ಪಡೆಯಬೇಕಾದರೆ ಅವರಿಗೆ ಪರಿಚಿತವಾದ ಕೆಲಸವನ್ನು ಜೊತೆಯಲ್ಲಿ ಮಾಡುವುದು ಒಳ್ಳೆಯದು. ಹಿತ್ತಲಲ್ಲಿ ಬಿದ್ದಿರುವ ಬೀಸುಕಲ್ಲನ್ನು ತೊಳೆದು ಹಬ್ಬಕ್ಕೊಮ್ಮೆ ಒಂದು ಸೇರು ಕಾಳು ಬೀಸಿದರೂ ಸಾಕು. ಮಗುವೂ ಗೂಟ ಹಿಡಿಯಲಿ.

ವಯಸ್ಸಿಗೆ ತಕ್ಕಂತೆ ಈ ಕ್ರಮವನ್ನು ಅನುಸರಿಸಬಹುದು.

ಮೂರು ವರ್ಷದವರೆಗೆ: ಜೋಗುಳ ಹಾಗೂ ಮಗುವನ್ನು ತೊಡೆಯ ಮೇಲೆ ಕೂರಿಸಿ ಆಡಿಸುವ ಪದಗಳು. ಮಗುವಿಗೆ ಅರ್ಥ ಬೇಕಾಗಿಲ್ಲ, ತಾಯಿಯ ದನಿ ಬೇಕು. ತಂದೆಯೂ ಹಾಡಬೇಕು. ಜೋಗುಳ ಹೆಂಗಸರ ಕೆಲಸವೆಂದು ಗಂಡಸರು ದೂರ ನಿಲ್ಲುವುದು ಸರಿಯಲ್ಲ. ಹಂತಿಯ ಪದವನ್ನೂ ಕಂಸಾಳೆಯ ಪದವನ್ನೂ ಹಾಡಿದವರು ಗಂಡಸರೇ.

ನಾಲ್ಕರಿಂದ ಏಳು ವರ್ಷ: ಚಪ್ಪಾಳೆಯ ಹಾಡು, ಎಣಿಕೆಯ ಹಾಡು, ಪ್ರಾಣಿ ಪಕ್ಷಿಗಳ ಹಾಡು, ಆಟದ ಹಾಡು. ಒಂದು ಬಾರಿಗೆ ಎರಡು ಸಾಲಿಗಿಂತ ಹೆಚ್ಚು ಕಲಿಸಬಾರದು. ಕುಣಿಯುವ ಮಗುವನ್ನು ಸುಮ್ಮನೆ ಕೂರಿಸಬಾರದು.

ಎಂಟರಿಂದ ಹನ್ನೆರಡು ವರ್ಷ: ಕೋಲಾಟದ ಪದ, ಸುಗ್ಗಿಯ ಹಾಡು, ಸಣ್ಣ ಕಥನಗೀತೆ. 'ಗೋವಿನ ಹಾಡು' ಈ ವಯಸ್ಸಿಗೆ ಹೇಳಿ ಮಾಡಿಸಿದಂತಿದೆ. ಅದರಲ್ಲಿ ಗೊಲ್ಲನು ಒಂದೊಂದು ಹಸುವನ್ನೂ ಹೆಸರು ಹಿಡಿದು ಕರೆಯುವ ಭಾಗವಿದೆ. ಅದನ್ನು ಹಾಡಿದ ಮೇಲೆ ನಿಮ್ಮ ಕೊಟ್ಟಿಗೆಯ ದನಗಳಿಗೆ, ನೆರೆಮನೆಯ ದನಗಳಿಗೆ ಇರುವ ಹೆಸರುಗಳನ್ನು ಮಕ್ಕಳಿಂದ ಹೇಳಿಸಿ. ಹೆಸರಿಲ್ಲದ ಕರುವಿಗೆ ಮಕ್ಕಳೇ ಹೆಸರಿಡಲಿ.

ಹದಿಮೂರರ ಮೇಲೆ: ಲಾವಣಿ, ಗೀಗೀ ಪದ, ಮಲೆಯ ಮಹದೇಶ್ವರ, ಮಂಟೇಸ್ವಾಮಿ ಮೊದಲಾದ ಕಾವ್ಯಗಳ ಆಯ್ದ ಭಾಗಗಳನ್ನು ಕೇಳಿಸುವುದು. ಈ ವಯಸ್ಸಿನವರು ನಾಚುತ್ತಾರೆ. ಅವರಿಂದ ಬಲವಂತವಾಗಿ ಹಾಡಿಸುವ ಬದಲು ಹಿರಿಯರ ಹಾಡನ್ನು ಬರೆದುಕೊಳ್ಳುವ, ಮುದ್ರಿಸಿಕೊಳ್ಳುವ ಕೆಲಸ ಒಪ್ಪಿಸಿದರೆ ಹಾಡು ತಾನಾಗಿ ಬಾಯಿಗೆ ಬರುತ್ತದೆ.

ತಿಂಗಳಿಗೆ ಒಂದು ಹಾಡು ಸಾಕು. ಆ ತಿಂಗಳು ಪೂರ್ತಿ ಅದನ್ನೇ ಹಾಡುವುದು. ವರ್ಷಕ್ಕೆ 12 ಹಾಡಾದರೆ ಐದು ವರ್ಷದಲ್ಲಿ ಮಗುವಿನ ಬಾಯಲ್ಲಿ 60 ಹಾಡುಗಳಿರುತ್ತವೆ. ಒಂದು ಮನೆಗೆ ಇದೇನೂ ಸಣ್ಣ ದಾಸ್ತಾನಲ್ಲ.

ವರ್ಷದ ಕ್ರಮ

ಬೆಳೆಗೆ ಹಂಗಾಮು ಇರುವಂತೆ ಹಾಡಿಗೂ ಹಂಗಾಮು ಇದೆ. ಹಂಗಾಮಿಗೆ ಹೊಂದಿಕೊಂಡು ಕಲಿಸಿದ ಹಾಡು ಮರೆಯುವುದಿಲ್ಲ, ಏಕೆಂದರೆ ಹಬ್ಬ ಬಂದಾಗಲೆಲ್ಲ ಅದು ಮತ್ತೆ ನೆನಪಾಗುತ್ತದೆ. ಪ್ರದೇಶಕ್ಕೆ ತಕ್ಕಂತೆ ಈ ಮುಂದಿನ ಪಟ್ಟಿಯಿಂದ ಆರಿಸಿಕೊಳ್ಳಬಹುದು.

ಜ್ಯೇಷ್ಠ: ಕಾರಹುಣ್ಣಿಮೆಯ ಎತ್ತಿನ ಹಾಡು; ಮಣ್ಣೆತ್ತಿನ ಅಮಾವಾಸ್ಯೆಯಂದು ಮಕ್ಕಳೇ ಮಣ್ಣಿನ ಎತ್ತು ಮಾಡಿ ಹಾಡುವುದು.
ಆಷಾಢ: ಉತ್ತರ ಕರ್ನಾಟಕದಲ್ಲಿ ಮಂಗಳವಾರಗಳಂದು ಹೆಣ್ಣುಮಕ್ಕಳು ಆಡುವ ಗುಳ್ಳವ್ವನ ಹಾಡು, ಭತ್ತದ ಸೀಮೆಯಲ್ಲಿ ನಾಟಿಯ ಪದ.
ಶ್ರಾವಣ: ನಾಗರಪಂಚಮಿಯ ಜೋಕಾಲಿ ಹಾಡು.
ಭಾದ್ರಪದ: ಜೋಕುಮಾರನ ಹಾಡು. ಇದಕ್ಕೂ ಮಳೆ ಬೆಳೆಗೂ ಇರುವ ಸಂಬಂಧವನ್ನು ಮಕ್ಕಳಿಗೆ ವಿವರಿಸಬೇಕು.
ಆಶ್ವಯುಜ: ಶೀಗಿ ಹುಣ್ಣಿಮೆಯಂದು ಹೊಲಕ್ಕೆ ಚರಗ ಚೆಲ್ಲುವಾಗಿನ ಹಾಡು.
ಕಾರ್ತಿಕ: ಬಲಿಪಾಡ್ಯಮಿಯಂದು ದೀಪ ಹಿಡಿದು ದನಗಳಿಗೆ ಬೆಳಗುವ ಆಣೀ ಪೀಣೀ, ಮಲೆನಾಡಿನಲ್ಲಿ ಮನೆಮನೆಗೆ ಜ್ಯೋತಿ ಒಯ್ಯುವ ಅಂಟಿಗೆ ಪಂಟಿಗೆ, ಗೌರಿ ಹುಣ್ಣಿಮೆಯ ಕೋಲಾಟ.
ಮಾರ್ಗಶಿರ, ಪುಷ್ಯ: ಹುತ್ತರಿ, ಎಳ್ಳಮಾವಾಸ್ಯೆ, ಸಂಕ್ರಾಂತಿಯ ಸುಗ್ಗಿ ಪದಗಳು, ರಾಶಿಯ ಹಾಡು.
ಮಾಘ, ಫಾಲ್ಗುಣ: ಹಂತಿಯ ಪದ; ಹೋಳಿಯ ಹಾಡು. ಹೋಳಿಯ ಪದಗಳಲ್ಲಿ ಮಕ್ಕಳಿಗೆ ತಕ್ಕವನ್ನು ಮಾತ್ರ ಆರಿಸಿಕೊಳ್ಳಬೇಕು.
ಚೈತ್ರ, ವೈಶಾಖ: ಸೋಬಾನೆ, ಬೀಸುವ ಪದ, ಮಳೆ ನಕ್ಷತ್ರಗಳ ಎಣಿಕೆ.

ಮಳೆ ನಕ್ಷತ್ರಗಳ ಎಣಿಕೆಯ ಬಗ್ಗೆ ಒಂದು ಮಾತು. ಸೂರ್ಯನು ವರ್ಷದಲ್ಲಿ 27 ನಕ್ಷತ್ರಗಳನ್ನು ಸುತ್ತುವುದರಿಂದ ಒಂದೊಂದು ನಕ್ಷತ್ರಕ್ಕೆ 13 ಅಥವಾ 14 ದಿನ ಬರುತ್ತದೆ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಮಳೆ ಪ್ರಾರಂಭ. ಮೇ ಕೊನೆಯ ವಾರದಲ್ಲಿ ರೋಹಿಣಿ, ಜೂನ್ ಮೊದಲ ವಾರದ ಕೊನೆಗೆ ಮೃಗಶಿರಾ, ಜೂನ್ 21ರ ಸುಮಾರಿಗೆ ಆರಿದ್ರಾ. ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಎಂದು ನಾಲ್ಕು ನಾಲ್ಕು ಹೆಸರಿಗೆ ಒಂದು ಸುತ್ತು ಚಪ್ಪಾಳೆ ಹಾಕಿಸಿದರೆ ವಿಶಾಖದವರೆಗೆ 16 ಹೆಸರುಗಳು ನಾಲ್ಕೇ ಸುತ್ತಿನಲ್ಲಿ ಮುಗಿಯುತ್ತವೆ. ಇದಕ್ಕೆ ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂಬಂಥ ಗಾದೆಗಳನ್ನು ಜೋಡಿಸಿದರೆ ಮಗುವಿಗೆ ಬಿತ್ತನೆಯ ಕಾಲ ತಿಳಿಯುತ್ತದೆ. ಮಳೆ ನಕ್ಷತ್ರದ ಗಾದೆಯೊಂದನ್ನೇ ನಂಬಿ ಬಿತ್ತನೆ ಮಾಡಬೇಕೆಂದು ಇದರ ಅರ್ಥವಲ್ಲ. ಹವಾಮಾನ ಮುನ್ಸೂಚನೆಯನ್ನು ನೋಡಿಯೇ ಬಿತ್ತಬೇಕು. ಆದರೆ ಹಿರಿಯರು ಆಕಾಶವನ್ನು ಗಮನಿಸಿ ಕೂಡಿಟ್ಟ ಅನುಭವ ಮಕ್ಕಳ ತಿಳಿವಳಿಕೆಯಲ್ಲಿರುವುದು ಅವಶ್ಯ.

ಹೊಲದ ಸಾಲಿನಿಂದ ತಾಳ

ಸಂಗೀತದ ತಾಳವನ್ನು ಕಲಿಸಲು ಹೊಲದ ಸಾಲುಗಳೇ ಒಳ್ಳೆಯ ಪಾಠವಾಗಬಲ್ಲವು. ರಾಗಿಯಲ್ಲಿ ಅವರೆಯನ್ನು ಅಕ್ಕಡಿಯಾಗಿ ಬೆಳೆಯುವಾಗ ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಹಾಕುವುದು ರೂಢಿ. ಮಕ್ಕಳನ್ನು ಸುತ್ತ ಕೂರಿಸಿ ಎಂಟು ಚಪ್ಪಾಳೆ ಹೊಡೆಸಿ, ಒಂಬತ್ತನೆಯದಕ್ಕೆ ನೆಲಕ್ಕೆ ಒಂದು ತಟ್ಟು ತಟ್ಟಿಸಿ. ಚಪ್ಪಾಳೆಗೆ 'ರಾಗಿ' ಎಂದೂ ತಟ್ಟಿಗೆ 'ಅವರೆ' ಎಂದೂ ಹೇಳಲಿ. ಇದು ಸರಾಗವಾದ ಮೇಲೆ ಎಂಟು ರಾಗಿಗೆ ಎರಡು ತೊಗರಿ ಎಂದು ಬದಲಾಯಿಸಿ. ಎಣಿಕೆ ತಪ್ಪಿದವರು ಸುತ್ತಿನಿಂದ ಹೊರಗೆ. ಆಡುತ್ತ ಆಡುತ್ತ ಮಕ್ಕಳು ತಾಳವನ್ನೂ ಅಂತರ ಬೆಳೆಯ ಪ್ರಮಾಣವನ್ನೂ ಕಲಿಯುತ್ತಾರೆ. ನಿಮ್ಮ ಹೊಲದಲ್ಲಿ ಬೇರೆ ಬೆಳೆಗಳಿದ್ದರೆ ಅವುಗಳ ಹೆಸರನ್ನೇ ಬಳಸಬಹುದು.

ಮನೆಯಲ್ಲೇ ಮಾಡಿಕೊಳ್ಳುವ ವಾದ್ಯಗಳು

ಪೇಟೆಯಿಂದ ವಾದ್ಯ ತರಬೇಕಾಗಿಲ್ಲ. ತೋಟ, ಬದುಗಳಲ್ಲಿ ಸಿಗುವ ವಸ್ತುಗಳಿಂದ ಮಕ್ಕಳೇ ಮಾಡಿಕೊಳ್ಳಬಹುದಾದ ಕೆಲವನ್ನು ಇಲ್ಲಿ ಕೊಡಲಾಗಿದೆ.

ಕರಟದ ತಾಳ: ತೆಂಗಿನ ಕರಟದ ಎರಡು ಹೋಳುಗಳನ್ನು ನಾರು ಹೋಗುವಂತೆ ಉಜ್ಜಿ, ಅಂಚನ್ನು ನುಣುಪು ಮಾಡಿ ಒಂದಕ್ಕೊಂದು ಬಡಿಯುವುದು. ಕುದುರೆಯ ಹೆಜ್ಜೆಯ ಸದ್ದು ಬರುತ್ತದೆ.

ಗರಿಯ ಪೀಪಿ: ತೆಂಗಿನ ಎಳೆಗರಿಯನ್ನು ಒಂದು ತುದಿ ಸಣ್ಣದಾಗಿ, ಇನ್ನೊಂದು ಅಗಲವಾಗಿ ಬರುವಂತೆ ಓರೆಯಾಗಿ ಸುತ್ತಿ ಕಡ್ಡಿ ಚುಚ್ಚಿ ಬಿಗಿಮಾಡುವುದು.

ಪರಂಗಿ ಕೊಳವೆ: ಪರಂಗಿ ಎಲೆಯ ತೊಟ್ಟು ಪೊಳ್ಳಾಗಿರುವುದರಿಂದ ಊದಲು ಅನುಕೂಲ. ಕತ್ತರಿಸಿದಾಗ ಬರುವ ಹಾಲು ತುಟಿಯನ್ನು ಸುಡುವುದರಿಂದ ಚೆನ್ನಾಗಿ ತೊಳೆದು ಒರೆಸಿದ ಮೇಲೆಯೇ ಬಾಯಿಗಿಡಬೇಕು.

ಕಾಯಿ ಗಿಲಕಿ: ಗುಲ್‌ಮೊಹರ್ ಮರದ ಒಣಗಿದ ಉದ್ದನೆಯ ಕಾಯಿ ಅಲುಗಿಸಿದರೆ ತಾನೇ ಸದ್ದು ಮಾಡುತ್ತದೆ. ಹಸಿರು ಗೊಬ್ಬರಕ್ಕೆ ಬಿತ್ತಿದ ಅಪ್ಸೆಣಬನ್ನು ಹೂ ಬಂದಾಗ ಮಣ್ಣಿಗೆ ಸೇರಿಸುತ್ತೇವೆ. ಬದುವಿನ ಮೇಲೆ ಒಂದೆರಡು ಗಿಡ ಬಿಟ್ಟರೆ ಅದರ ಉಬ್ಬಿದ ಕಾಯಿಗಳು ಒಣಗಿ ಒಳಗಿನ ಬೀಜ ಗಲಗಲ ಎನ್ನುತ್ತದೆ.

ಕೋಲಾಟದ ಕೋಲು: ಗಟ್ಟಿಯಾದ, ಗಂಟಿಲ್ಲದ ಕಡ್ಡಿಯನ್ನು ಮಗುವಿನ ಮೊಳದಷ್ಟು ಉದ್ದಕ್ಕೆ ಕತ್ತರಿಸಿ ಸಿಪ್ಪೆ ತೆಗೆದು ಒಣಗಿಸುವುದು.

ಬಿಂದಿಗೆ, ಮರ, ತಾಮ್ರದ ತಟ್ಟೆ, ದನದ ಕೊರಳ ಗಂಟೆ, ಮೊರಕ್ಕೆ ಕೆರೆದ ಬಳೆ, ಇವೆಲ್ಲವೂ ವಾದ್ಯಗಳೇ.

ಎಚ್ಚರಿಕೆ

ವಾದ್ಯ ಮಾಡುವಾಗ ಈ ಕೆಳಗಿನ ಅಂಶಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

(ಅ) ಕೀಟನಾಶಕ, ಕಳೆನಾಶಕಗಳ ಖಾಲಿ ಡಬ್ಬ, ಕ್ಯಾನುಗಳನ್ನು ಎಷ್ಟೇ ತೊಳೆದರೂ ಮಕ್ಕಳಿಗೆ ಬಡಿಯಲು ಕೊಡಕೂಡದು. ಅವು ಡೋಲಿನಂತೆ ಚೆನ್ನಾಗಿ ಸದ್ದು ಮಾಡುವುದರಿಂದಲೇ ಮಕ್ಕಳ ಕಣ್ಣು ಅವುಗಳ ಮೇಲೆ ಬೀಳುತ್ತದೆ. ಮೂರು ಬಾರಿ ತೊಳೆದು, ಆ ನೀರನ್ನು ಸಿಂಪರಣಾ ದ್ರಾವಣಕ್ಕೇ ಸೇರಿಸಿ, ಡಬ್ಬಕ್ಕೆ ತೂತು ಮಾಡಿ ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಬೇಕು.

(ಆ) ಬೀಜೋಪಚಾರ ಮಾಡಿದ, ಬಣ್ಣ ಹಚ್ಚಿದ ಬಿತ್ತನೆ ಬೀಜವನ್ನು ಗಿಲಕಿಯಲ್ಲಿ ತುಂಬಬಾರದು.

(ಇ) ಗುಲಗಂಜಿ ಮತ್ತು ಹರಳು ಬೀಜಗಳು ನೋಡಲು ಅಂದವಾಗಿದ್ದರೂ ವಿಷಯುಕ್ತ. ಅಪ್ಸೆಣಬಿನ ಬೀಜವನ್ನೂ ಬಾಯಿಗೆ ಹಾಕಿಕೊಳ್ಳಬಾರದು. ಗಿಲಕಿಗೆ ರಾಗಿ, ಜೋಳ ಅಥವಾ ಸಣ್ಣ ಕಲ್ಲು ಸಾಕು.

(ಈ) ಐದು ವರ್ಷದೊಳಗಿನ ಮಕ್ಕಳು ಕಾಳನ್ನು ಮೂಗಿಗೆ, ಕಿವಿಗೆ ಹಾಕಿಕೊಳ್ಳುವ ಸಂಭವವಿರುವುದರಿಂದ ಗಿಲಕಿಯ ಬಾಯಿ ಭದ್ರವಾಗಿರಬೇಕು. ಹಿರಿಯರು ಹತ್ತಿರವಿರಬೇಕು.

ಹಾಡಿನ ಆಯ್ಕೆ

ಹಳೆಯದೆಲ್ಲವೂ ಹಾಗೇ ಒಪ್ಪತಕ್ಕದ್ದೆಂದು ತಿಳಿಯಬೇಕಾಗಿಲ್ಲ. ಬಾಲ್ಯ ವಿವಾಹ, ಸವತಿಯ ಕಾಟ, ಅತ್ತೆಯ ಕಿರುಕುಳ, ಜಾತಿಯ ಹೀಯಾಳಿಕೆ ಇವೂ ಹಾಡುಗಳಲ್ಲಿವೆ. ಒಬ್ಬರನ್ನು ನೋಯಿಸುವ ಪದವನ್ನು ಮಕ್ಕಳ ಬಾಯಿಗೆ ಕೊಡಬಾರದು. ಆದರೆ ನೋವನ್ನು ಹೇಳುವ ಹಾಡನ್ನು ಬಿಡಬೇಕಾಗಿಲ್ಲ. ದೊಡ್ಡ ಮಕ್ಕಳೊಡನೆ ಹಾಡಿ ಅನಂತರ ಚರ್ಚಿಸಬೇಕು. ಇದಕ್ಕೆ 'ಕೆರೆಗೆ ಹಾರ' ಒಳ್ಳೆಯ ಉದಾಹರಣೆ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲವೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುವ ಕಥೆ ಅದು. ಕೆರೆಗೆ ನೀರು ಬರುವುದು ಜಲಾನಯನ ಪ್ರದೇಶ, ಕಾಲುವೆ, ಕೋಡಿಗಳ ವ್ಯವಸ್ಥೆಯಿಂದ, ಬಲಿಯಿಂದಲ್ಲ ಎಂದು ವಿವರಿಸಿದರೆ ವಿಜ್ಞಾನದ ಪಾಠವೂ ಆಯಿತು. ಬಲಿಗೆ ಮನೆಯ ಗಂಡುಮಕ್ಕಳ ಬದಲು ಕಿರಿಯ ಸೊಸೆಯನ್ನೇ ಏಕೆ ಆರಿಸಿದರು ಎಂದು ಮಗು ಕೇಳಿದರೆ, ಆ ಪ್ರಶ್ನೆಗೆ ಉತ್ತರ ಹೇಳುವುದು ಮನೆಯ ಹಿರಿಯರ ಕರ್ತವ್ಯ.

ನಮ್ಮ ಮನೆಯ ಹಾಡಿನ ಜೊತೆಗೆ ಊರಿನ ಇತರ ಕೇರಿಗಳ, ಇತರ ಕಸುಬಿನವರ ಹಾಡುಗಳನ್ನೂ ಮಕ್ಕಳು ಕೇಳಬೇಕು. ಹಲಗೆ, ತಮಟೆ, ಡೊಳ್ಳು, ಚೌಡಿಕೆ ಇವುಗಳನ್ನು ನುಡಿಸಬಲ್ಲವರನ್ನು ಮನೆಗೆ ಕರೆದು, ಗೌರವದಿಂದ ಕೂರಿಸಿ, ಮಕ್ಕಳಿಗೆ ಎರಡು ಪೆಟ್ಟು ಹೇಳಿಕೊಡಿರೆಂದು ಕೇಳಬೇಕು. ಹಾಡನ್ನು ಕೊಂಡಾಡಿ ಹಾಡಿದವರನ್ನು ಅಂಗಳದ ಆಚೆ ನಿಲ್ಲಿಸಿದರೆ ಮಕ್ಕಳು ಅದನ್ನೂ ಕಲಿಯುತ್ತಾರೆ.

ಹಾಡನ್ನು ದಾಖಲಿಸುವುದು

ಈಗ ಬಹುತೇಕ ಮನೆಗಳಲ್ಲಿ ಮೊಬೈಲ್ ಫೋನ್ ಇದೆ. ಹಾಡು ಮರೆಯಲು ಕಾರಣವೆಂದು ನಾವು ದೂರುವ ಈ ಸಾಧನದಿಂದಲೇ ಹಾಡನ್ನು ಉಳಿಸಲೂ ಸಾಧ್ಯ. ಅಜ್ಜಿ ಹಾಡುವಾಗ ಫೋನನ್ನು ಒಂದು ಮೊಳ ದೂರದಲ್ಲಿಟ್ಟು, ಫ್ಯಾನು, ದೂರದರ್ಶನಗಳನ್ನು ನಿಲ್ಲಿಸಿ, ದನಿ ಮುದ್ರಿಸಿಕೊಳ್ಳಬೇಕು. ಮೊದಲು ಅವರ ಒಪ್ಪಿಗೆ ಕೇಳಬೇಕು. ಹಾಡಿನ ಕೊನೆಗೆ ಹಾಡಿದವರ ಹೆಸರು, ಊರು, ತಾರೀಖು, ಯಾವ ಕೆಲಸದ ಅಥವಾ ಯಾವ ಹಬ್ಬದ ಹಾಡು, ಯಾರಿಂದ ಕಲಿತರು ಎಂಬ ಐದು ವಿವರಗಳನ್ನು ಅವರ ಬಾಯಿಂದಲೇ ಹೇಳಿಸಬೇಕು. ಹೆಸರು ಚೀಟಿಯಿಲ್ಲದ ಬೀಜದ ಚೀಲದಂತೆ, ವಿವರವಿಲ್ಲದ ಮುದ್ರಣ ಮುಂದೆ ಉಪಯೋಗಕ್ಕೆ ಬರುವುದಿಲ್ಲ. ಫೋನು ಕೆಟ್ಟರೆ ಎಲ್ಲವೂ ಹೋಗುವುದರಿಂದ ಇನ್ನೊಂದು ಕಡೆ ಪ್ರತಿ ಇಡಬೇಕು. ಒಂದು ನೋಟ್ ಪುಸ್ತಕದಲ್ಲಿ ಮಕ್ಕಳಿಂದ ಹಾಡನ್ನು ಬರೆಸಬೇಕು. ಮನೆಮಾತಿನ ಉಚ್ಚಾರವನ್ನು ಗ್ರಂಥದ ಭಾಷೆಗೆ ತಿದ್ದದೆ, ಹೇಳಿದಂತೆಯೇ ಬರೆಯಬೇಕು. ಆದರೆ ಮುದ್ರಿಸಿಟ್ಟುಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದು ಬರಿಯ ಉಗ್ರಾಣ. ಬಿತ್ತನೆಯಾಗುವುದು ಮಗು ಹಾಡಿದಾಗಲೇ.

ಅನುಕೂಲವಿದ್ದವರು ರಾಮನಗರದ ಬಳಿ ಇರುವ ಜಾನಪದ ಲೋಕಕ್ಕೆ ಮಕ್ಕಳನ್ನು ಒಮ್ಮೆ ಕರೆದೊಯ್ಯಬಹುದು. ಎಚ್. ಎಲ್. ನಾಗೇಗೌಡರು ಸ್ಥಾಪಿಸಿದ ಈ ಸಂಗ್ರಹಾಲಯ 1994ರಲ್ಲಿ ಪ್ರಾರಂಭವಾಯಿತು. ಹಾಡಿನಲ್ಲಿ ಕೇಳಿದ ಹಳೆಯ ಬೇಸಾಯದ ಸಲಕರಣೆಗಳನ್ನೂ ವಾದ್ಯಗಳನ್ನೂ ಅಲ್ಲಿ ಕಣ್ಣಾರೆ ಕಾಣಬಹುದು.

ಕೆಲವು ಸಂದೇಹಗಳು

"ನನಗೆ ಕಂಠವಿಲ್ಲ, ಹೇಗೆ ಹಾಡಲಿ?" ಇದು ಕಚೇರಿಯ ಸಂಗೀತವಲ್ಲ. ಮಗುವಿಗೆ ತಂದೆ ತಾಯಿಯ ದನಿಯೇ ಇಂಪು. ಬಾರದಿದ್ದರೆ ಮಾತಿನಂತೆ ಹೇಳಿ ತಾಳ ಹಾಕಿದರೂ ಸಾಕು.

"ದುಡಿದು ಬಂದಮೇಲೆ ಸಮಯವೆಲ್ಲಿ?" ಬೇರೆ ಸಮಯ ಬೇಡ. ಹಾಲು ಕರೆಯುವಾಗ, ಕಡಲೆಕಾಯಿ ಸುಲಿಯುವಾಗ, ಅವರೆಕಾಯಿ ಬಿಡಿಸುವಾಗ, ಕೊತ್ತಂಬರಿ ಕಟ್ಟು ಕಟ್ಟುವಾಗ, ಮಲಗುವ ಮುನ್ನ ಹತ್ತು ನಿಮಿಷ ಸಾಕು. ವಿದ್ಯುತ್ತು ಹೋದ ಸಂಜೆ ಇನ್ನೂ ಅನುಕೂಲ.

"ಮನೆಯಲ್ಲಿ ಹಾಡು ಬಲ್ಲ ಹಿರಿಯರಿಲ್ಲ." ಓಣಿಯಲ್ಲಿ ಇದ್ದೇ ಇರುತ್ತಾರೆ. ವಾರಕ್ಕೊಮ್ಮೆ ನಾಲ್ಕು ಮನೆಯ ಮಕ್ಕಳನ್ನು ಅವರ ಜಗಲಿಗೆ ಕಳುಹಿಸಬಹುದು. ಆಕಾಶವಾಣಿಯ ಜನಪದ ಗೀತೆಗಳನ್ನು ಕೇಳಿ ಜೊತೆಯಲ್ಲಿ ಹಾಡಬಹುದು.

"ಹಾಡಿನಿಂದ ಹೊಟ್ಟೆ ತುಂಬೀತೇ?" ತುಂಬದು. ಆದರೆ ಅಂಕೋಲಾದ ಹಾಲಕ್ಕಿ ಒಕ್ಕಲಿಗ ಸಮುದಾಯದ ಸುಕ್ರಿ ಬೊಮ್ಮಗೌಡರನ್ನು ನೆನೆಯಬಹುದು. ಶಾಲೆಯ ಮೆಟ್ಟಿಲು ಹತ್ತದ ಅವರು ತಾಯಿಯಿಂದ ಕಲಿತ ಹಾಡುಗಳನ್ನು ಬಾಳಿನುದ್ದಕ್ಕೂ ಹಾಡಿ, ಇತರರಿಗೆ ಕಲಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರು ಕಲಿಸಿಟ್ಟ ಹಾಡುಗಳು ಕಲಿತವರ ಬಾಯಲ್ಲ��� ಉಳಿದಿವೆ. ಕಲಿಸದೆ ಹೋದವರ ಹಾಡಾದರೆ ಅವರೊಂದಿಗೇ ಮಣ್ಣು ಸೇರುತ್ತದೆ.

ಕೊನೆಯದಾಗಿ, ಈ ಹಂಗಾಮಿನಲ್ಲಿ ಪ್ರತಿ ಮನೆಯಲ್ಲೂ ಮಾಡಬಹುದಾದ ಮೂರು ಕೆಲಸಗಳು: ಮನೆಯ ಅಥವಾ ಓಣಿಯ ಹಿರಿಯರೊಬ್ಬರ ಒಂದು ಹಾಡನ್ನು ವಿವರ ಸಹಿತ ಮುದ್ರಿಸಿಕೊಳ್ಳುವುದು, ಅದನ್ನು ಮಕ್ಕಳೊಡನೆ ಒಂದು ತಿಂಗಳು ಹಾಡುವುದು, ಮುಂದಿನ ಹಬ್ಬದಂದು ಆ ಹಿರಿಯರ ಎದುರಿನಲ್ಲೇ ಮಕ್ಕಳಿಂದ ಹಾಡಿಸುವುದು. ತಾವು ಹೇಳಿಕೊಟ್ಟ ಪದವನ್ನು ಮೊಮ್ಮಗುವಿನ ಬಾಯಲ್ಲಿ ಕೇಳಿದ ಮೇಲೆ ಅವರಿಗೆ ಮರೆತುಹೋದ ಇನ್ನೆರಡು ಪದಗಳು ನೆನಪಾಗುವುದುಂಟು. ಅವನ್ನೂ ಬರೆದುಕೊಳ್ಳಲು ನೋಟ್ ಪುಸ್ತಕವನ್ನು ಹತ್ತಿರವೇ ಇಟ್ಟುಕೊಂಡಿರುವುದು ಒಳ್ಳೆಯದು.